ಅಟ್ಟದ ಮೇಲಿನ ಕೆಮ್ಮು

ಮೋಡೆಮ್ ಮಾಡಿದ್ದುಣ್ಣೋ ಮಹರಾಯ! ನಗಬೇಡಿ, ಇದು ನಿಜವಾಗಿ ನಡೆದದ್ದು.

ಚಿಕ್ಕಮ್ಮನ ಮನೆಯಲ್ಲಿ ಇಂಟರ್‌ನೆಟ್ ಸಿಗ್ನಲ್ ಸೊರಗಿತ್ತು. ತೀರಿಹೋದ ಚಿಕ್ಕಪ್ಪ ತಾನೇ ಎಳೆದಿದ್ದ ಕೇಬಲ್ಲಿನ ಜಾಯಿಂಟು ಬಿಗಿ ಮಾಡಲು ಅಟ್ಟ ಹತ್ತಿದೆ. ಯಾರೋ ಈಗಷ್ಟೇ ಹಿಡಿದು ಬಿಟ್ಟಂತೆ ಕೇಬಲ್ ಬೆಚ್ಚಗಿತ್ತು. ಮಿಮಿಕ್ರಿ ಚಟ ನೋಡಿ, ಚಿಕ್ಕಪ್ಪನ ಹಾಗೇ ಕೆಮ್ಮಿ, "ಏನೇ, ಮೋಡೆಮ್ ದೀಪ ಹಸಿರಾಯ್ತಾ?" ಅಂತ ಕೂಗಿಬಿಟ್ಟೆ.

ಕೆಳಗೆ ಲೋಟ ಬಿದ್ದ ಸದ್ದು. ಥೂ, ಎಂಥ ಕೆಲಸ ಮಾಡಿದೆ! ನಾಚಿಕೆಯಿಂದ ತುಟಿ ಬಿಚ್ಚದೆ ಇಳಿದುಬಂದೆ.

"ತಪ್ಪಾಯ್ತು ಚಿಕ್ಕಮ್ಮ."

ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಮೊದಲನೇದು ಸುಮಾರಾಗಿತ್ತು ಕಣೋ. ಆಮೇಲೆ 'ನಾನು ಹೀಗಾ ಕೆಮ್ಮೋದು, ಮಂಗ?' ಅಂದ್ಯಲ್ಲ, ಅದಂತೂ ಥೇಟ್ ಅವರೇ!"

ನಾನು ಕೂಗಿದ್ದು ಒಂದೇ ಸಲ. ಚಿಕ್ಕಪ್ಪ ಹೋದಮೇಲೆ ಅವಳು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.