ಹಸಿ ಚರ್ಮದ ಒರೆ

ಕಠಾರಿಯ ಬಗ್ಗೆ ಕೇತಕಿಗೆ ಹೆದರಿಕೆಯಿರಲಿಲ್ಲ. ಒಳಗೇ ಕೊರೆಯುತ್ತಿದ್ದುದು ಬೇರೆ: ಇದನ್ನೂ ಅಣ್ಣ ಪರಾಗ ತಾನೇ ಮಾಡಿದ್ದೆಂದು ಹೇಳಿಕೊಂಡರೆ? ಅವನೆದುರು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಡೈರಿಯಲ್ಲಷ್ಟೇ ಬರೆದುಕೊಂಡಿದ್ದಳು, ಸಣ್ಣ ಅಕ್ಷರದಲ್ಲಿ.

ವಾಗದರಿ ಊರಿನ ಕುಲುಮೆಯಲ್ಲಿ ಕಮ್ಮಾರ ಬಸಣ್ಣ ಅವಳ ನಕ್ಷೆಯಂತೆಯೇ ಅಲಗು ತಟ್ಟಿಕೊಟ್ಟಿದ್ದ. ನಾನೂರು ವರ್ಷದ ಹಿಂದಿನ ಮಾದರಿ. ಹಿಡಿ, ಒರೆ ಅವಳದೇ ಕೆಲಸ. ಹೊರಡುವಾಗ ಬಸಣ್ಣನ ತಾಯಿ ಬೀರವ್ವ ಮಣಿಕಟ್ಟು ಹಿಡಿದಳು.

"ತಂಗಿ, ಚರ್ಮ ನೆನಸಿ ಅಲಗಿಗಿ ಬಿಗದು ಒಣಗಸ್ತೀ ಅಲಾ, ಅದು ಹಸಿ ಇರೂತನಕಾ ಅದರ ಮುಂದ ಯಾರ ಹೆಸರೂ ತಗೀಬ್ಯಾಡ. ಒಣಗೂತ ಒಣಗೂತ ಆ ಹೆಸರಿನವರನ್ನ ಹಿಡೀತದ."

"ಚರ್ಮಕ್ಕ ಕಿವಿ ಇರ್ತಾವೇನ್ರಿ?" ಕೇತಕಿ ಮೆಲ್ಲಗೇ ನಕ್ಕಳು.

"ಎಮ್ಮಿ ಮೈಮ್ಯಾಲ ಇದ್ದಾಗ ಇದ್ದುವಲ್ರಿ ಅಕ್ಕಾರ," ಎಂದ ಬಸಣ್ಣ. ಅವನು ನಗಲಿಲ್ಲ.

ಸೊಲ್ಲಾಪುರದ ಮನೆಯ ಮಾಳಿಗೆ. ಮೇ ತಿಂಗಳ ಬಿಸಿಲು. ನೆನೆದ ಚರ್ಮದಿಂದ ಹುಳಿತ ತೊಗಟೆಯ, ಹಳೇ ರಕ್ತದ ವಾಸನೆ ಏಳುತ್ತಿತ್ತು. ಮೇಣ ಸವರಿದ ದಾರದಿಂದ ಹೊಲಿಗೆ ಮುಗಿಸಿ, ಹೆಬ್ಬೆರಳಿನಿಂದ ಚರ್ಮವನ್ನು ಅಲಗಿನ ನಡುವಿನ ಉಬ್ಬುಗೆರೆಗೆ ಒತ್ತುತ್ತಿದ್ದಳು. ಕೆಳಗೆ ಪರಾಗ ಗೆಳೆಯನೊಡನೆ ಫೋನಿನಲ್ಲಿದ್ದ.

"ಹೋ ರೇ ಶೈಲೇಶ, ಕಠಾರಿ ನಾನ ಮಾಡಾಕತ್ತೀನಿ. ತಂಗಿ ಏನು, ಸುಮ್ನ ಸೂಜಿ-ದಾರ ಹಿಡೀತಾಳ."

ಕೇತಕಿ ಬಾಗಿದಳು. ತುಟಿ ಚರ್ಮಕ್ಕೆ ತಾಗುವಷ್ಟು. ಹೆಸರು ಹೇಳಿದಳು, ತಂದೆಯ ಹೆಸರು ಸೇರಿಸಿ: "ಪರಾಗ ದಾಮೋದರ."

ಬೆರಳಡಿಯಲ್ಲಿ ಚರ್ಮ ಮಿಸುಕಿತು.

ಕೆಳಗೆ ಕೆಮ್ಮು. ಮೊದಲು ಸಣ್ಣದು. ಆಮೇಲೆ ನಿಲ್ಲದ್ದು. ಅವಳು ಇಳಿದು ನೋಡಿದಾಗ ಅವನು ಅಂಗಿಯ ಗುಂಡಿ ಕಿತ್ತುಕೊಂಡಿದ್ದ. ಹೆತ್ತ ಆಯಿ ಕುಡಿಸಿದ ನೀರು ಗಂಟಲಿಗಿಳಿಯದೆ ಮೂಗಿನಿಂದ ಬರುತ್ತಿತ್ತು. ಕುತ್ತಿಗೆಯ ಸುತ್ತ ನೀಲಿ ಚುಕ್ಕೆಗಳ ಸಾಲು. ಒಂದೇ ಅಂತರ. ಅವಳದೇ ಹೊಲಿಗೆ.

ಮಾಳಿಗೆಗೆ ಓಡಿ ಬಸಣ್ಣನಿಗೆ ಫೋನ್ ಹಚ್ಚಿದಳು. ಅತ್ತ ಬೀರವ್ವ ಅವನ ಕೈಯಿಂದ ಫೋನ್ ಕಸಿದುಕೊಂಡಳು. "ಹೆಸರು ತಗದೀ? ಈಗಿಂದೀಗ ನೀರಾಗ ಅದ್ದು! ಒರಿ ಕೆಡತದ. ಕೆಡ್ಲಿ!"

ಬಕೆಟ್ ತುಂಬಿದಳು. ಒರೆ ಎತ್ತಿದಳು.

ಎಂಥ ಗೆರೆ! ಅಲಗಿಗೆ ಮೈದೊಗಲಿನಂತೆ ಕೂತಿತ್ತು. ಇಂಥದನ್ನು ಅವಳ ಕೈ ಹಿಂದೆಂದೂ ಮಾಡಿರಲಿಲ್ಲ. ಅದ್ದಿದರೆ ಎಲ್ಲ ಸಡಿಲ. ಎಲ್ಲ ಹಾಳು.

ಇನ್ನೊಂದು ಸ್ವಲ್ಪ.

ಬಿಸಿಲು ಸುಟ್ಟಿತು. ಚರ್ಮ ಕಿರ್ರೆಂದಿತು. ಕೆಳಗೆ ಪರಾಗನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು. ಕಿರ್. ಮತ್ತೆ ಹಿಮ್ಮಡಿ. ಕಿರ್. ಆಯಿ ಕೂಗಿದಳು. ಕೇತಕಿ ಕದಲಲಿಲ್ಲ. ಕಿರ್.

ಹಿಮ್ಮಡಿ ನಿಂತಿತು.

ಒರೆ ಒಣಗಿತ್ತು. ಬೆರಳಿನಿಂದ ತಟ್ಟಿದರೆ ಮರದಂತೆ ಟಕ್ ಎನ್ನುತ್ತಿತ್ತು.

ಎಷ್ಟೋ ಹೊತ್ತಿಗೆ ಆಯಿ ಮೆಟ್ಟಿಲು ಹತ್ತಿ ಬಂದಳು. ಸೆರಗು ನೆಲಕ್ಕೆ ಬಿದ್ದಿತ್ತು. "ರಿಕ್ಷಾ ಬರೂದ್ರಾಗ ಹೋದಾ..." ತುಂಬಿದ ಬಕೆಟ್ ನೋಡಿದಳು, ಮಗಳ ಕೈ ನೋಡಿದಳು. "ಅಷ್ಟು ಒದರಿದೆ. ನೀ ಇಲ್ಲಿ ಏನ ಮಾಡಾಕತ್ತಿದ್ದಿ, ಕೇತೂ?"

ಕೇತಕಿಯ ದನಿ ಎಂದೂ ಇಲ್ಲದಷ್ಟು ಸ್ಪಷ್ಟವಾಗಿತ್ತು.

"ಇದನ್ನ ನೀರಾಗ ಅದ್ದಿದ್ರ ಅಂವ ಉಳೀತಿದ್ದ, ಆಯಿ. ನನಗ ಗೊತ್ತಿತ್ತು."