ದೊಡ್ಡಮ್ಮನ ನೂಲು, ತೊಟ್ಟಿಯ ಕಲ್ಲು

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುತ್ತಿದ್ದ ಕಾಲ. ಬೆಳಗ್ಗೆ ಕಾರ್ಖಾನೆಯ ಬಾಗಿಲು ತೆಗೆದು ನಾನಿನ್ನೂ ಗಾಜಿನ ಪುಡಿ ಗುಡಿಸುತ್ತಿದ್ದೆ. ಅಂಟುಗಾರನ ಹೆಂಡತಿ ಬಂದವಳೇ ನನ್ನನ್ನು ದಾಟಿ ಮಹಡಿಯ ಮೆಟ್ಟಿಲು ಹತ್ತಿದಳು. ಪೊರಕೆ ಬಿಟ್ಟು ನಾನೂ ಹಿಂದೆ ಹೋದೆ.

ಮಹಡಿಯಲ್ಲಿದ್ದವರು ನಮ್ಮ ಯಜಮಾನರ ದೊಡ್ಡಮ್ಮ. ಪರದೆ ಹೊಲಿಯುವುದು ಅವರ ಕಸುಬು. ಆದರೆ ಬೀದಿಯಲ್ಲಿ ಏನು ಕಳೆದುಹೋದರೂ, ಯಾರು ಯಾರ ಮೇಲೆ ತಪ್ಪು ಹೊರಿಸಿದರೂ ಜನ ಹತ್ತುವುದು ಅದೇ ಮೆಟ್ಟಿಲು. ಅವರ ಸ್ಟೂಲು ಹೊತ್ತು ಜೊತೆಗೆ ಹೋಗುವವನು ನಾನು; ಬೀದಿಯವರಂತೆ ಅವರೂ ನನ್ನನ್ನು ತಾತ ಎಂದೇ ಕರೆಯುತ್ತಾರೆ.

"ದೊಡ್ಡಮ್ಮ, ಹಲ್ಲಿನ ಆಸ್ಪತ್ರೆಯ ಮೀನಿನ ತೊಟ್ಟಿ ರಾತ್ರಿ ಬಾಯಿ ಬಿಟ್ಟಿದೆಯಂತೆ. ಇವರು ಹಚ್ಚಿದ ಅಂಟು ಸರಿಯಿಲ್ಲ ಅಂತ ಯಜಮಾನರ ಅಳಿಯಂದಿರು ಹೇಳಿದ್ರಂತೆ. ಇವತ್ತೇ ಕೆಲಸದಿಂದ ತೆಗೀತಾರೆ. ಇವರು ಮಾತೇ ಆಡ್ತಿಲ್ಲ, ಗೋಡೆ ನೋಡ್ಕೊಂಡು ಕೂತಿದಾರೆ."

"ಅವನು ಯಾವತ್ತು ಮಾತಾಡಿದಾನೆ? ಮದುವೆ ದಿನವಾದ್ರೂ ಆಡಿದ್ನಾ?" ಎಂದರು ದೊಡ್ಡಮ್ಮ. ಆಕೆ ಅಳುವಿನ ನಡುವೆಯೂ ನಕ್ಕಳು. "ಹೋಗಿ ಕರ್ಕೊಂಡು ಬಾ. ತಾತ, ಸ್ಟೂಲು ತಗೋ."

ನಾವು ಮಾಡುವುದು ಮೀನಿನ ದೊಡ್ಡ ಗಾಜಿನ ತೊಟ್ಟಿಗಳನ್ನು. ನೀರು ತುಂಬಿದರೆ ಉದ್ದನೆಯ ಗಾಜು ಹೊಟ್ಟೆಯಂತೆ ಮುಂದಕ್ಕೆ ಉಬ್ಬುತ್ತದೆ. ಹಾಗಾಗದಂತೆ ಮೇಲುಗಡೆ, ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಒಂದು ಗಾಜಿನ ಅಡ್ಡಪಟ್ಟಿ ಅಂಟಿಸುತ್ತೇವೆ. ತೊಟ್ಟಿಯ ಬಲವೆಲ್ಲ ಅದರಲ್ಲಿ. ನಮ್ಮ ಅಂಟುಗಾರ ಪಟ್ಟಿ ಕೂರಿಸಿದ ಮೇಲೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟುತ್ತಾನೆ. ಅಂಟು ಪೂರ್ತಿ ಒಣಗಿ ಅವನೇ ಆ ಬಟ್ಟೆ ಬಿಚ್ಚುವವರೆಗೆ ಯಜಮಾನರೂ ಅದನ್ನು ಮುಟ್ಟುವಂತಿಲ್ಲ. ಅವನು ಕೂರಿಸಿದ ಪಟ್ಟಿ ಅಂದಿನವರೆಗೆ ಒಂದೂ ಬಿಟ್ಟುಕೊಂಡಿರಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಕುರ್ಚಿಗಳೆಲ್ಲ ಒದ್ದೆ. ಮೀನುಗಳು ಬಕೆಟ್ಟುಗಳಲ್ಲಿ ಸುತ್ತುತ್ತಿದ್ದವು. ಖಾಲಿ ತೊಟ್ಟಿಯ ಮುಂದಿನ ಗಾಜು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಒಳಗೆ ನಡುವೆ, ಕೂತ ಎಮ್ಮೆಯಂಥ ಕರಿ ಕಲ್ಲು. ಅದರ ಬುಡದಲ್ಲಿ ಕಳಚಿಬಿದ್ದ ಅಡ್ಡಪಟ್ಟಿ.

ಮೀನಿಗೆ ಊಟ ಹಾಕುವವನ ಮಣಿಕಟ್ಟಿಗೆ ಬ್ಯಾಂಡೇಜು ಇತ್ತು. ದೊಡ್ಡಮ್ಮ ಅದನ್ನೇ ನೋಡಿದರು.

"ಪಟ್ಟಿ ಅಂಚು ತಾಗಿದ್ದಮ್ಮ," ಎಂದ ಅವನು. "ಊಟ ಹಾಕೋವಾಗೆಲ್ಲ ಗೀರುತ್ತೆ."

"ನಾನು ಮಾಡಿದ ಪಟ್ಟಿ ಗೀರಲ್ಲ," ಎಂದ ಅಂಟುಗಾರ. ಅಂದು ಅವನಾಡಿದ ಮೊದಲ ಮಾತು ಅದು. "ಕೈ ಹಾಕೋ ಕಡೆ ಅಂಚನ್ನ ಉಜ್ಜಿ ನಯ ಮಾಡಿರ್ತೀನಿ."

"ಮುಚ್ಚಳದ ಬೀಗದ ಕೈ ಯಾರ ಹತ್ರ ಇದೆ?" ಎಂದು ದೊಡ್ಡಮ್ಮ ತೊಟ್ಟಿಯ ಮುಚ್ಚಳ ತೋರಿಸಿ ಕೇಳಿದರು.

"ನನ್ನ ಹತ್ರ ಒಂದು, ತೊಟ್ಟಿ ತಂದು ಕೂರಿಸಿದ ಅಳಿಯಂದಿರ ಹತ್ರ ಒಂದು," ಎಂದ ಊಟ ಹಾಕುವವನು. "ತೊಟ್ಟಿ ಕೂರಿಸಿದಾಗ ನಾನು ಅಕ್ಕನ ಮನೆಗೆ ಹೋಗಿದ್ದೆ. ಬರೋಷ್ಟರಲ್ಲಿ ಕಲ್ಲು, ನೀರು, ಮೀನು ಎಲ್ಲಾ ಒಳಗಿತ್ತು."

ದೊಡ್ಡಮ್ಮ ಸ್ಟೂಲು ಹತ್ತಿದರು. ತೊಟ್ಟಿಯ ಅಂಚಿಗೆ ಅಂಟಿದ್ದ ಅಂಟನ್ನು ಉಗುರಿನಿಂದ ಕೆರೆದರು. ಅದು ಕದಲಲಿಲ್ಲ. ಪಟ್ಟಿ ಕೂತಿದ್ದ ಗುರುತಿನಿಂದ ತೊಟ್ಟಿಯ ಕೊನೆಯವರೆಗೆ ನೂಲು ಹಿಡಿದು ಗಂಟು ಹಾಕಿದರು. ಇನ್ನೊಂದು ಕಡೆಯೂ ಅಷ್ಟೇ ಬಂತು. ಆಮೇಲೆ ಅದೇ ನೂಲನ್ನು ಕಲ್ಲಿಗೆ ಹಿಡಿದರು. ಹೇಗೆ ತಿರುಗಿಸಿ ಹಿಡಿದರೂ ಗಂಟು ಕಲ್ಲಿನ ಆಚೆ ಅಂಚು ಮುಟ್ಟದೆ ಈಚೆಗೇ ನಿಂತಿತು.

"ತಾತ, ಸಂಜೆ ಎಲ್ಲರನ್ನೂ ಇಲ್ಲಿಗೆ ಕರಿ," ಎಂದು ನೂಲು ಸುತ್ತಿಕೊಂಡರು.

ಸಂಜೆ ಯಜಮಾನರು, ಅವರ ಅಳಿಯ, ಹಲ್ಲಿನ ಡಾಕ್ಟರು, ಅಂಟುಗಾರ ದಂಪತಿ, ಊಟ ಹಾಕುವವನು, ಎಲ್ಲರೂ ಒದ್ದೆ ಕುರ್ಚಿಗಳ ಮೇಲೆ ಪೇಪರು ಹಾಸಿಕೊಂಡು ಕೂತರು.

"ಇದರಲ್ಲಿ ಕಂಡುಹಿಡಿಯೋದು ಏನಿದೆ ದೊಡ್ಡಮ್ಮ?" ಎಂದರು ಅಳಿಯ. "ಅಂಟು ಬಿಟ್ಟಿದೆ. ಅಂಟು ಹಾಕಿದವನು ಎದುರಿಗಿದಾನೆ."

"ಇರಪ್ಪ, ನೂಲು ಮಾತಾಡ್ಲಿ. ಪಟ್ಟಿ ಕಾರ್ಖಾನೆಯಲ್ಲೇ ಕೂತಿತ್ತು. ಕಲ್ಲು ಇಲ್ಲಿ ಬಂದದ್ದು. ಪಟ್ಟಿ ಪಕ್ಕದ ಜಾಗದಲ್ಲಿ ಈ ಕಲ್ಲು ಹಿಡಿಸಲ್ಲ, ಆ ಕಡೆ ಇಲ್ಲ, ಈ ಕಡೆ ಇಲ್ಲ. ಮತ್ತೆ ಇದು ಒಳಗೆ ಹೋದದ್ದು ಹೇಗೆ?"

ನಾವೆಲ್ಲ ತೊಟ್ಟಿಯನ್ನು ಎದುರಿನಿಂದ ನೋಡಿದವರೇ. ಬಾಯಿಗೆ ಅಳತೆ ಹಿಡಿದವರು ಅವರೊಬ್ಬರು.

"ಯಾರೋ ಅಂಟು ಕೊಯ್ದು ಪಟ್ಟಿ ಬಿಡಿಸಿದಾರೆ. ಕಲ್ಲು ಇಳಿಸಿ ಮತ್ತೆ ಅಂಟಿಸಿದಾರೆ. ನೋಡಿ." ಪಟ್ಟಿಯ ಮೇಲಿಂದ ಒಂದು ಪದರವನ್ನು ಹಾಲಿನ ಕೆನೆಯಂತೆ ಎತ್ತಿ ತೋರಿಸಿದರು. "ಇದು ಹೊಸ ಅಂಟು. ಇದರ ಕೆಳಗೆ ಹಳೇದು ಇನ್ನೂ ಗಾಜು ಕಚ್ಕೊಂಡಿದೆ. ತೊಟ್ಟಿ ಅಂಚಲ್ಲೂ ಹಾಗೇ ಇದೆ. ಪಟ್ಟಿಯ ಹಳೇ ಅಂಟು ಗಾಜನ್ನ ಎಲ್ಲೂ ಬಿಟ್ಟಿಲ್ಲ. ಒಣಗಿದ ಅಂಟಿನ ಮೇಲೆ ಹೊಸ ಅಂಟು ನಿಲ್ಲಲ್ಲ. ಹಳೇದನ್ನ ಕೆರೆದು ತೆಗೀಬೇಕು. ಹೌದೇನೋ?"

ಅಂಟುಗಾರ ತಲೆಯಾಡಿಸಿದ.

"ಬೀಗದ ಕೈ ಇದ್ದವರು ಇಬ್ಬರು," ಎಂದರು ಯಜಮಾನರು, ಊಟ ಹಾಕುವವನ ಕಡೆ ನೋಡಿ. "ಇವನ ಕೈ ಬೇರೆ ಕೊಯ್ದಿದೆ. ಪಟ್ಟಿ ಕೀಳುವಾಗ ಇವನೇ..."

"ಅದೇ ಇವನನ್ನ ಉಳಿಸಿದ್ದು. ದಿನಾ ಕೈ ಹಾಕೋನು ಚೂಪಾದ ಅಂಚನ್ನ ತನ್ನ ಕಡೆಗೇ ತಿರುಗಿಸ್ಕೋತಾನಾ? ಪಟ್ಟಿ ತಿರುಗುಮುರುಗಾಗಿ ಕೂತಿತ್ತು. ನಯ ಮಾಡಿದ ಅಂಚು ಯಾಕಿದೆ ಅಂತಲೇ ಗೊತ್ತಿಲ್ಲದೋರ ಕೆಲಸ ಇದು. ಕಾರ್ಖಾನೆ ಅಂಟು ಕೈಗೆ ಸಿಗೋರು, ಆದ್ರೆ ತೊಟ್ಟಿಯೊಳಗೆ ಒಂದು ದಿನಾನೂ ಕೈ ಹಾಕದೋರು."

ಅವರು ಅಳಿಯನ ಕಡೆ ತಿರುಗಲೂ ಇಲ್ಲ. ನೂಲನ್ನು ಬೆರಳಿಗೆ ಸುತ್ತುತ್ತಾ ಕೂತರು.

"ಕಲ್ಲು ನನಗೆ ಬೇಕೇ ಬೇಕು ಅಂದಿದ್ದೆ," ಎಂದರು ಡಾಕ್ಟರು, ತಗ್ಗಿದ ದನಿಯಲ್ಲಿ. "ಆಗಲ್ಲ ಅನ್ನಬಹುದಿತ್ತಲ್ಲ."

ಅಳಿಯಂದಿರು ಎದ್ದು ನಿಂತರು. "ಆಗಲ್ಲ ಅನ್ನೋಕೆ ನಾಚಿಕೆಯಾಯ್ತು. ಒಡೆದ ಮೇಲೆ ಹೇಳೋಕೆ ಭಯವಾಯ್ತು. ನಾನೇ ಹೋಗ್ತೀನಿ ಮಾವ."

ಯಜಮಾನರ ಮುಖ ಕಲ್ಲಿಗಿಂತ ಕಪ್ಪಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಅಂಟುಗಾರ ಕೆಮ್ಮಿದ.

"ಹೋಗೋದು ಬೇಡ. ಹೊಸ ಪಟ್ಟಿ ನಾಳೆ ಕೂರಿಸ್ತೀನಿ. ನನ್ನ ಜೊತೆ ನಿಂತು ಹಳೇ ಅಂಟು ಕೆರೀಲಿ. ಕೆಂಪು ಬಟ್ಟೆ ಅವರೇ ಕಟ್ಲಿ."

"ಅಬ್ಬಾ, ಎಷ್ಟು ಮಾತಾಡಿದ್ರಿ," ಎಂದಳು ಅವನ ಹೆಂಡತಿ. ದೊಡ್ಡಮ್ಮ ನಕ್ಕು ನನಗೆ ಸ್ಟೂಲು ತೋರಿಸಿದರು. ಇಷ್ಟು ವರ್ಷ ಹೊತ್ತ ಆ ಸ್ಟೂಲು ಅಂದು ಹಗುರಾಗಿತ್ತು.

ಮರುದಿನ ಕಲ್ಲು ಹೊರಗೆತ್ತಿದ ಮೇಲೆ ಪಟ್ಟಿ ಕೂತಿತು, ಬಟ್ಟೆ ಕಟ್ಟಿದ್ದೂ ಆಯಿತು. ಯಾರ ಕೆಲಸವೂ ಹೋಗಲಿಲ್ಲ; ಬುಧವಾರ ಬೆಳಗ್ಗೆ ಆಸ್ಪತ್ರೆಯಿಂದ ಹೊರಟುಹೋದದ್ದು ಆ ಕರಿ ಕಲ್ಲೊಂದೇ. ಕೈಗಾಡಿ ತಳ್ಳಿದವರು ಅಳಿಯಂದಿರು.