ಸೊನ್ನೆ ಬರೆಯುವ ಹುಡುಗಿ

"ಸೌಭಾಗ್ಯ ಮೇಡಂ... ಸರ್ವೇ ಮಾಡಾಕ ಬಂದೀರೋ, ನಿದ್ದಿ ಮಾಡಾಕ ಬಂದೀರೋ?"

ಬೆನ್ನ ಹಿಂದಿನಿಂದ ಬಂದ ದನಿಗೆ ಸೌಭಾಗ್ಯಳ ಎದೆ ಧಸಕ್ಕೆಂದಿತು. ಬಿಜ್ಜರಗಿಯ ಹುಲ್ಲುಗಾವಲಿನಲ್ಲಿ ದುರ್ಬೀನು ಹಿಡಿದು ಬೋರಲಾಗಿ ಮಲಗಿದ್ದವಳು ದಡಬಡಿಸಿ ಎದ್ದಳು. ತಂಡದ ಮುಖ್ಯಸ್ಥ ಸತೀಶಕುಮಾರ ಇಷ್ಟು ಬೇಗ ಬಂದುಬಿಟ್ಟರೇ?

"ಇಲ್ರಿ ಸರ್, ಮಲಗಿಲ್ರಿ, ಹಕ್ಕಿ ನೋಡಾಕತ್ತಿದ್ದೆ..."

ತಿರುಗಿದರೆ ಸರ್ ಇಲ್ಲ. ಹೆಗಲ ಮೇಲೆ ಕಂಬಳಿ ಹಾಕಿದ ಒಬ್ಬ ತರುಣ. ಅವನ ಹಿಂದೆ ಅವಳನ್ನೇ ದಿಟ್ಟಿಸುತ್ತ ನಿಂತ ಕುರಿಹಿಂಡು.

"ನಿಮ್ಮ ಸರ್ ನಿನ್ನೆ ನಮ್ಮೂರ ಚಹಾದಂಗಡ್ಯಾಗ ಇದ ದನಿಲೆ ನಿಮ್ಮನ್ನ ಬೈಯಾಕತ್ತಿದ್ರು. ಚಲೋ ಅನಸ್ತು, ಕಲ್ತಬಿಟ್ಟೆ."

ಅವಳ ಮುಖ ಕೆಂಪೇರಿತು. "ನಾಚಿಕಿ ಇಲ್ಲೇನ್ರಿ? ಕುರಿ ಕಾಯೂ ಮಂದಿಗೆ ಇದೆಲ್ಲ ಎಲ್ಲಿ ತಿಳೀಬೇಕು..."

"ಬಿ.ಎ. ಆಗೇತ್ರಿ ನಂದು. ಅದಕ್ಕ ಕುರಿಗೋಳಿಗೆ ನಾ ಅಂದ್ರ ಜೀವ. ಮುಂಜಾನಿಂದ ಅವೂ ಅದನ್ನ ಅಂತಾವ. ಬ್ಯಾ... ಬ್ಯಾ..."

ನಗಬಾರದು ಎಂದುಕೊಂಡಳು. ನಕ್ಕೇಬಿಟ್ಟಳು. ಅಲ್ಲಿಗೆ ಅವಳ ಕಥೆ ಮುಗಿಯಿತು, ಅಥವಾ ಶುರುವಾಯಿತು.

ಅವನ ಹೆಸರು ಮಾಳು. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ದನಿಯನ್ನೂ ತೆಗೆದು ಚಪ್ಪಾಳೆ ಗಿಟ್ಟಿಸಿದವನು. ಅವಳು ವಿಜಯಪುರದ ಜಲನಗರದ ಹುಡುಗಿ, ಪ್ರಾಣಿಶಾಸ್ತ್ರ ಓದಿದವಳು. ಸಂಬಳವಿಲ್ಲದೆ, ತನ್ನದೇ ಪೆಟ್ರೋಲಿನಲ್ಲಿ, ವಾರವಾರ ಸ್ಕೂಟಿ ಏರಿ ಬರುತ್ತಿದ್ದಳು. ಹುಡುಕುತ್ತಿದ್ದದ್ದು ಎರೆಭೂತ ಎಂಬ ಹಕ್ಕಿಯನ್ನು.

ಎರೆಮಣ್ಣಿನ ಹುಲ್ಲಿನಲ್ಲಿ ಬದುಕುವ, ಮನುಷ್ಯನ ಸೊಂಟದೆತ್ತರದ ಹಕ್ಕಿ ಅದು. ಹೆಸರಿನಲ್ಲಿ ಭೂತವಿದ್ದರೂ ಹೆದರುವುದು ಪಾಪ, ಅದೇ. ಬರಿ ನೆಲದ ಮೇಲೆ ಒಂದೇ ಒಂದು ತತ್ತಿ ಇಡುತ್ತದೆ. ಭೂತ ಈಗ ಭೂತಕಾಲಕ್ಕೇ ಸೇರುವ ಹಾದಿಯಲ್ಲಿತ್ತು.

ಸರ್ವೇ ಕೆಲಸ ಸರಳ. ಗೊತ್ತು ಮಾಡಿದ ಜಾಗದಲ್ಲಿ ಸದ್ದಿಲ್ಲದೆ ಕೂತು, ಕಂಡಿದ್ದನ್ನು, ಕೇಳಿದ್ದನ್ನು ಬರೆಯಬೇಕು. ಏನೂ ಇಲ್ಲದಿದ್ದರೆ ಸೊನ್ನೆ. ಸೌಭಾಗ್ಯ ಪ್ರತಿ ವಾರವೂ ಸೊನ್ನೆ ಬರೆದಳು.

ಮಾಳುವಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಹಂಗ ಬರೀಬಾರದ್ರಿ. ನಮ್ಮ ಮನ್ಯಾಗ ಜ್ವಾಳ ತೀರಿದ್ರೂ 'ಇಲ್ಲ' ಅನ್ನಂಗಿಲ್ಲ. 'ತುಂಬೇತಿ' ಅನಬೇಕು. ಇಲ್ಲ ಅಂದ್ರ ನಮ್ಮ ದುಂಡವ್ವ ಆಯಿ ಬಾಯಿಗೇ ಹೊಡೀತಾಳ."

"ಇದು ಜ್ವಾಳ ಅಲ್ಲ, ಮಾಳು. ಇಲ್ಲ ಅನ್ನೂದೂ ಒಂದು ಸುದ್ದಿ. ಖರೆ ಸುದ್ದಿ."

ಹೀಗೆ ಹೇಳುವಾಗಲೂ ಅವಳ ಕಣ್ಣು ತುಂಬಿರುತ್ತಿತ್ತು. ಅವನು ತರುತ್ತಿದ್ದ ರೊಟ್ಟಿ, ಹಿಂಡಿ ಚಟ್ನಿ, ಅವಳ ಡಬ್ಬಿಯ ಚಪಾತಿ ಇಬ್ಬರ ನಡುವೆ ಹಂಚಿಹೋಗುತ್ತಿದ್ದವು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ.

ಸರ್ವೇಯ ಕಡೆಯ ವಾರ ಮೋಡ ಕವಿದಿತ್ತು.

"ಇವತ್ತೂ ಸೊನ್ನಿ ಆದ್ರ ಬಿಜ್ಜರಗಿ ಬಿಡ್ತಾರ," ಎಂದಳು. "ಹಕ್ಕಿ ಕಾವಲಿಗೆ ಇರೂದು ಒಂದ ತಂಡ. ಇಲ್ಲೊ, ಬಬಲೇಶ್ವರದಾಗೊ... ಒಂದ ಕಡೆ ಅಷ್ಟ. ನಾನೂ ಮುಂದ ಈ ಕಡೆ ಬರೂದಿಲ್ಲ."

ಬರೂದಿಲ್ಲ. ಆ ಮಾತು ಮಾಳುವಿನ ಎದೆಗೆ ಮುಳ್ಳಿನಂತೆ ಚುಚ್ಚಿತು. ಕುರಿ ತಿರುಗಿಸಿ ಬರುತ್ತೇನೆಂದು ದಿಬ್ಬದ ಆಚೆಗೆ ಹೋದ.

ಸ್ವಲ್ಪ ಹೊತ್ತಿಗೆ ಆಚೆಯಿಂದ ಒಂದು ಕೂಗು. ಖಾಲಿ ಕೊಡದೊಳಗೆ ಊದಿದಂಥ, ಹೊಟ್ಟೆಯೊಳಗಿನಿಂದ ಬಂದಂಥ ಆಳದ ದನಿ.

"ಹೂಂ...ಂ..."

ಸೌಭಾಗ್ಯಳ ಮೈ ಜುಮ್ಮೆಂದಿತು. ಗಂಡು ಎರೆಭೂತ! ಮೊಬೈಲಿನ ರೆಕಾರ್ಡಿಂಗ್ ಒತ್ತಿದಳು.

ಕೂಗಿದ್ದು ಮಾಳು. ಅದು ಅವನ ಸತ್ತ ಅಜ್ಜ, ಅವನ ಮುತ್ಯಾ, ಕಲಿಸಿದ ಕೂಗು. ಒಮ್ಮೆ ಅವಳ ಮುಖ ಅರಳಲಿ, ಆಮೇಲೆ ನಕ್ಕು ಹೇಳಿಬಿಡೋಣ ಎಂದುಕೊಂಡೇ ದಿಬ್ಬ ಇಳಿದು ಬಂದ. ಅವಳು ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಕೆನ್ನೆಯ ತುಂಬ ನೀರು.

"ಮಾಳು, ನೀನೂ ಕೇಳಿದೆಲ್ಲ? ಹಕ್ಕಿ ಕಾಣದ ಬರೇ ಕೂಗು ಕೇಳಿದ್ರ ಇನ್ನೊಬ್ಬರ ಸಾಕ್ಷಿ ಬೇಕು. ಕೇಳಿದೆಲ್ಲ?"

ಮೊದಲ ಸಲ ಅವಳು 'ನೀನು' ಅಂದಿದ್ದಳು. ಮೊದಲ ಸಲ ಅವಳ ಕೈ ಅವನ ಕೈಯಲ್ಲಿತ್ತು.

"ಹೂಂ," ಎಂದ.

ಆ ಕೂಗನ್ನು ಅವನಷ್ಟು ಹತ್ತಿರದಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ ಬಿಡಿ.

ತಂಡದಲ್ಲಿ ಹಬ್ಬ. ಅಪಸ್ವರ ಎತ್ತಿದ್ದು ಬಬಲೇಶ್ವರದ ಸರ್ವೇ ಮಾಡುತ್ತಿದ್ದ ಸೌಭಾಗ್ಯಳ ಗೆಳತಿ ಜೀನತ ಮಾತ್ರ. ಅಲ್ಲಿನ ಬೀಳು ಹೊಲವೊಂದರಲ್ಲಿ ಅವಳು ಮೂರು ಬೆರಳಿನ ಹೆಜ್ಜೆಗುರುತು ನೋಡಿದ್ದಳು.

"ಸರ್, ಆ ಹೊಲದವರ ಜೋಡಿ ಒಮ್ಮೆ ಮಾತಾಡೋಣ. ಈ ಹಂಗಾಮ ಹೊಲ ಉಳಬ್ಯಾಡ್ರಿ ಅಂತ ಹೇಳೋಣ."

"ಹೆಜ್ಜಿ ನವಿಲಿಂದೂ ಇರಬಹುದು ಜೀನತ. ಕೂಗಿಗೆ ಸಾಕ್ಷಿ ಐತಿ," ಎಂದ ಸತೀಶಕುಮಾರ.

ಕಾವಲು ಬಿಜ್ಜರಗಿಗೆ ಬಂತು. ಆದರೆ ಮಾಳು ಬರುವುದನ್ನು ನಿಲ್ಲಿಸಿದ. ಫೋನ್ ಎತ್ತಲಿಲ್ಲ. ಸೌಭಾಗ್ಯ ದಿಂಬಿಗೆ ಮುಖ ಒತ್ತಿ ಅತ್ತಳು. *ಕುರಿ ಕಾಯೂ ಮಂದಿ ಅಂದಿದ್ದೆನಲ್ಲ... ಆ ಮಾತು ಇನ್ನೂ ನೆನಪಿಟ್ಟಾನೇನು?*

ಮುಂದಿನ ಸಭೆ ಗೋಳಗುಮ್ಮಟದ ಹತ್ತಿರದ ಒಂದು ಸಭಾಂಗಣದಲ್ಲಿ. ಸಾಕ್ಷಿ ಹೇಳಿದ ಮಾಳುವಿಗೆ ಶಾಲು ಹೊದಿಸುವುದಿತ್ತು. ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಸೌಭಾಗ್ಯ ಮೂರು ಸಲ ತಿರುಗಿ ನೋಡಿದಳು. ಅವನು ನೋಡಲಿಲ್ಲ.

ಆಗ ಜೀನತ ಬಂದಳು. ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದಳು. ಕಂದು ಚುಕ್ಕೆಯ ತತ್ತಿಯ ಚೂರುಗಳು. ಅವಕ್ಕೆ ಇನ್ನೂ ಎರೆಮಣ್ಣು ಅಂಟಿತ್ತು.

"ಬಬಲೇಶ್ವರದ ಹೊಲ. ಅವರಿಗೆ ಯಾರೂ ಹೇಳಿರಲಿಲ್ಲ. ನಿನ್ನೆ ಟ್ರ್ಯಾಕ್ಟರ್ ಹೊಡದಾರ," ಎಂದಳು. "ನವಿಲಿನ ತತ್ತಿ ಇರಬಹುದೇನ್ರಿ, ಸರ್?"

ಮುಂದಿನ ಸಾಲಿನವರು ಎದ್ದು ಮೇಜಿನ ಹತ್ತಿರ ಬಗ್ಗಿ ನೋಡಿದರು.

"ಕೆಟ್ಟ ಆತು," ಸತೀಶಕುಮಾರ ಗಂಟಲು ಸರಿಮಾಡಿಕೊಂಡ. "ಆದ್ರ ಬಿಜ್ಜರಗಿಯಾಗ ಗಂಡು ಐತೆಲ್ಲ..." ಎನ್ನುತ್ತ ರೆಕಾರ್ಡಿಂಗ್ ಹಚ್ಚಿದ.

"ಆ ಗಂಡು ನಾನ್ರಿ."

ಹಿಂದಿನ ಸಾಲಿನಲ್ಲಿ ಮಾಳು ಎದ್ದು ನಿಂತಿದ್ದ. ಯಾರೋ ಕಿಸಕ್ಕೆಂದರು. ಅವನು ಕಣ್ಣು ಮುಚ್ಚಿ, ಹೊಟ್ಟೆಯಿಂದ ಕೂಗಿದ. ಅದೇ ಕೂಗು. ಎಳೆಯಷ್ಟೂ ವ್ಯತ್ಯಾಸವಿಲ್ಲ.

ಗೋಳಗುಮ್ಮಟದೊಳಗೆ ಕೂಗಿದರೆ ಏಳು ಸಲ ಮರುದನಿ ಬಂದು ನಿಲ್ಲುತ್ತದೆ ಎನ್ನುತ್ತಾರೆ. ಸೌಭಾಗ್ಯಳ ಕಿವಿಯಲ್ಲಿ ಇದು ನಿಲ್ಲಲೇ ಇಲ್ಲ.

ಅವಳು ನಡೆದು ಅವನ ಎದುರಿಗೆ ಬಂದಳು.

"ಯಾಕ?"

"ನೀವು ಬರೂದು ನಿಂತಬಿಡ್ತದಂತ... ನಿಮ್ಮ ಸಲುವಾಗಿ..."

"ನನ್ನ ಸಲುವಾಗಿ ಅನಬ್ಯಾಡ. ಆ ತತ್ತಿ ನನ್ನ ತಲಿಗೆ ಕಟ್ಟಬ್ಯಾಡ." ಅವಳ ದನಿ ತಣ್ಣಗಿತ್ತು. "ಮಂದಿ ದನಿ ತಗದು ತಗದು, ನಿನಗ ನಿಂದ ಅಂತ ಒಂದು ಮಾತು ಐತೇನು? ಇದ್ದಿದ್ರ ಅವತ್ತು ಹೇಳತಿದ್ದಿ."

ಶಾಲು ಮೇಜಿನ ಮೇಲೆ ಉಳಿಯಿತು.

ಅವಳನ್ನು ತಂಡದಿಂದ ತೆಗೆದರು. ವಾಟ್ಸಾಪ್ ಗುಂಪಿನಲ್ಲಿ ಆ ಕೂಗು ಓಡಾಡಿತು. ಯಾರೋ ರಿಂಗ್‌ಟೋನ್ ಮಾಡಿಕೊಂಡರು. ಜಲನಗರದ ದವಾಖಾನೆಯಲ್ಲಿ ಅವ್ವನ ಜೊತೆ ಕೂತಾಗ ಪಕ್ಕದವರ ಜೇಬಿನಿಂದ ಅದೇ ಹೂಂ... ಸೌಭಾಗ್ಯ ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತಳು. ಜೀನತ ಅವಳ ನಂಬರನ್ನೇ ಬ್ಲಾಕ್ ಮಾಡಿದ್ದಳು.

ಒಂದು ಮುಂಜಾನೆ ತಡೆಯಲಾರದೆ ಬಬಲೇಶ್ವರಕ್ಕೆ ಹೊರಟಳು. ಆ ಹೊಲವನ್ನು ತನ್ನ ಕಣ್ಣಿನಿಂದ ನೋಡಬೇಕಿತ್ತು.

ಬದುವಿನ ಮೇಲೆ ಮಾಳು ಕೂತಿದ್ದ. ಕುರಿಗಳಿರಲಿಲ್ಲ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಏಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಹೊಲದ ಕಡೆ ಕಣ್ಣು ತೋರಿಸಿದ.

ದೂರದಲ್ಲಿ, ಉಳುಮೆಯ ಕರಿ ಹೆಂಟೆಗಳ ನಡುವೆ, ಉದ್ದ ಕತ್ತಿನ ಒಂದು ಹೆಣ್ಣು ಎರೆಭೂತ.

ಅದು ಕತ್ತು ಬಗ್ಗಿಸಿ ಒಂದೊಂದೇ ಹೆಂಟೆಯ ಹತ್ತಿರ ನೋಡುತ್ತಿತ್ತು. ಸುತ್ತಿ ಬಂದು ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ಇಷ್ಟು ವರ್ಷ ಅವಳು ಕನಸಿನಲ್ಲಿ ಕಂಡ ಹಕ್ಕಿ. ಹೀಗೆ ಕಾಣಬೇಕಿತ್ತೇ?

"ದಿನಾ ಬರ್ತಾಳ," ಪಿಸುಗುಟ್ಟಿದ. "ನಾಯಿ ಬರದಂಗ ಕುಂತೇನಿ. ಕಾಯಾಕ ಏನೂ ಉಳದಿಲ್ಲ, ಗೊತ್ತೈತಿ. ಆದ್ರೂ ಆಕಿ ಹುಡುಕೂತನಕ..."

"ಯಾರಿಗೂ ಯಾಕ ಹೇಳಿಲ್ಲ?"

"ನನ್ನ ಮಾತು ಯಾರು ನಂಬತಾರ್ರಿ?"

ಅವಳು ಮೊಬೈಲಿನಲ್ಲಿ ಫೋಟೊ ತೆಗೆದಳು. ಬಂದದ್ದು ಒಂದು ಕಂದು ಚುಕ್ಕೆ. ಆದರೂ ಸತೀಶಕುಮಾರನಿಗೆ ಕಳಿಸಿದಳು. ಉತ್ತರ ಬೇಗ ಬಂತು.

'ಈ ಸಲ ನಿಮ್ಮ ಮಾಳು ಪುಕ್ಕ ಹಚ್ಚಿಕೊಂಡು ನಿಂತಾನೇನು?'

ಅವಳು ಓದಿ ಮೊಬೈಲನ್ನು ಅವನ ಕೈಗೆ ಕೊಟ್ಟಳು. ಅವನೂ ಓದಿದ. ಮೊಬೈಲನ್ನು ಮರಳಿ ಅವಳ ಕೈಗಿಟ್ಟ.

ಹಕ್ಕಿ ಹುಡುಕುವುದನ್ನು ಬಿಟ್ಟು ತಲೆ ಎತ್ತಿತು. ನಾಲ್ಕು ಹೆಜ್ಜೆ ಓಡಿ, ಭಾರವಾಗಿ ರೆಕ್ಕೆ ಬಡಿದು, ಪಶ್ಚಿಮಕ್ಕೆ ಹಾರಿತು. ಕಾಣುವಷ್ಟು ದೂರ ನೋಡಿದರು. ಬಿಸಿಲೇರಿತು. ಅದು ಮರಳಲಿಲ್ಲ. ಇನ್ನು ಮರಳುವುದಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

"ನಾ ನಿನ್ನ ಮಾಫ್ ಮಾಡಾಕ ಬಂದಿಲ್ಲ," ಸೌಭಾಗ್ಯ ಹೊಲ ನೋಡುತ್ತಲೇ ಹೇಳಿದಳು.

"ಗೊತ್ತೈತ್ರಿ."

"ಸಾಯೂತನಕ ಮಾಡೂದಿಲ್ಲ."

"ಮಾಡಬ್ಯಾಡ್ರಿ."

"ಆದ್ರ..." ಅವಳ ದನಿ ಒಡೆಯಿತು. "ನೀ ಇಲ್ಲದ ಇರಾಕೂ ಆಗವಲ್ದು. ಮನಸಿನ ತುಂಬ ಸಿಟ್ಟು ಐತಿ, ಸಿಟ್ಟಿನ ತುಂಬ ನೀನ ಅದಿ. ಏನ ಮಾಡ್ಲಿ ಹೇಳು."

ಮಾಳುವಿನ ಗಂಟಲಿನಲ್ಲಿ ಬೇರೆ ಯಾರ ದನಿಯೂ ಬರಲಿಲ್ಲ. ಬಂದದ್ದು ಅವನದೇ ಒಂದು ಗೊಗ್ಗರು ದನಿ.

"ನನಗ ನೀ ಬೇಕು, ಸೌಭಾಗ್ಯಾ. ಆ ದಿನಾನ ಹೇಳಬೇಕಿತ್ತು. ಹೇಳೂದಕ್ಕಿಂತ ಕೂಗೂದು ಸಸಾರ ಇತ್ತು, ಕೂಗಿಬಿಟ್ಟೆ."

ಅವಳು ಕಣ್ಣೊರೆಸಿಕೊಂಡಳು.

"ಮಾಫ್ ಮಾಡದನ ಲಗ್ನ ಆಗ್ತಾರೇನು ಮಂದಿ?"

"ದುಂಡವ್ವ ಆಯಿ ನಮ್ಮ ಮುತ್ಯಾನ್ನ ಕಡೀತನಕ ಮಾಫ್ ಮಾಡಲಿಲ್ಲ. ಉಣ್ಣೂದು ಮಾತ್ರ ಇಬ್ಬರೂ ಒಂದ ತಾಟಿನ್ಯಾಗ."

"ಏನ ಮಾಡಿದ್ದ ನಿಮ್ಮ ಮುತ್ಯಾ?"

"ಆಕಿ ಇವತ್ತಿಗೂ ಯಾರಿಗೂ ಹೇಳಿಲ್ಲ."

"ಪುಣ್ಯವಂತಿ. ನಂದು ಊರಿಗೆಲ್ಲ ಗೊತ್ತಾಗೇತಿ."

ಅವನು ಕಂಬಳಿಯನ್ನು ಬದುವಿನ ಮೇಲೆ ಹಾಸಿ, ತಾನು ಎದ್ದು ಆಚೆ ಹೋಗಲು ನೋಡಿದ.

"ಎಲ್ಲಿ ಹೊಂಟಿ?"

"ನೀ ಕುಂಡ್ರು ಅಂತ ಹಾಸಿದೆ. ನಾ ಆ ಕಡೆ..."

ಸೌಭಾಗ್ಯ ಕಂಬಳಿಯ ಒಂದು ತುದಿಗೆ ಕೂತಳು. ಇನ್ನೊಂದು ತುದಿಯನ್ನು ಕೈಯಿಂದ ಸರಿಮಾಡಿದಳು.

"ಹತ್ತಿರ ಬರಬ್ಯಾಡ," ಎಂದಳು. "ಅಷ್ಟ ದೂರನೂ ಹೋಗಬ್ಯಾಡ."